ಲೆಕ್ಕ ಬರುತ್ತೆ, ಪ್ರಶ್ನೆಯ ಇಂಗ್ಲಿಷ್ ಕೈ ಕೊಡುತ್ತೆ: ಅಂಕಗಣಿತ, ಸಂಖ್ಯಾಶಾಸ್ತ್ರದ ಪದಗಳ ಬಗ್ಗೆ ಹಾಸನ–ಚಿಕ್ಕಮಗಳೂರು ಅಭ್ಯರ್ಥಿಗಳ ಚರ್ಚೆ

ಅರಸೀಕೆರೆ ಅಭ್ಯರ್ಥಿ:

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದಲ್ಲಿ ಓದಿ ಬ್ಯಾಂಕ್ ಪಿಒ (ಅಧಿಕಾರಿ ಹುದ್ದೆ), ಎಸ್‌ಎಸ್‌ಸಿ ಸಿಜಿಎಲ್‌ಗೆ (ಕೇಂದ್ರ ಸರ್ಕಾರದ ಪದವಿ ಮಟ್ಟದ ಹುದ್ದೆಗಳ ಪರೀಕ್ಷೆ) ತಯಾರಿ ಮಾಡುವವರು ನಮ್ಮ ಕಡೆ ಸಾಕಷ್ಟು ಜನ ಇದ್ದಾರೆ. ಬ್ಯಾಂಕ್ ಕ್ಲರ್ಕ್ ಪರೀಕ್ಷೆಯ ಲೆಕ್ಕದ ಪ್ರಶ್ನೆ ಕನ್ನಡದಲ್ಲೂ ಸಿಗುತ್ತೆ. ಎಸ್‌ಎಸ್‌ಸಿಯದೇ ಕೆಳ ಹಂತದ ಎಂಟಿಎಸ್, ಸಿಎಚ್‌ಎಸ್‌ಎಲ್ ಪರೀಕ್ಷೆಗಳಿಗೆ 2023ರಿಂದ ಕನ್ನಡ ಬಂತು. ಪಿಒ ಮತ್ತು ಸಿಜಿಎಲ್‌ಗೆ ಮಾತ್ರ ಇಂಗ್ಲಿಷ್ ಇಲ್ಲವೇ ಹಿಂದಿ. ಶೇಕಡಾ, ಅನುಪಾತ, ಸರಾಸರಿ, ಚಕ್ರಬಡ್ಡಿ ಎಲ್ಲ ಗೊತ್ತಿದ್ದೂ ಪ್ರಶ್ನೆಯ ವಾಕ್ಯ ಬಿಡಿಸುವಷ್ಟರಲ್ಲಿ ಸಮಯ ಹೋಗುತ್ತೆ. ಗಣಿತದ ಇಂಗ್ಲಿಷ್ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಸಾಕಾ? ಎಲ್ಲಿಂದ ಶುರು ಮಾಡಬೇಕು?

ಲೆಕ್ಕದ ಮೇಷ್ಟ್ರು, ಹಾಸನ:

ಪಟ್ಟಿ ಬೇಕು, ಆದರೆ ಅದು ಎರಡನೆಯ ಕೆಲಸ. ‘ನ್ಯೂಮರೇಟರ್’ ಅಂಶ, ‘ಡಿನಾಮಿನೇಟರ್’ ಛೇದ, ‘ಕೋಷೆಂಟ್’ ಭಾಗಲಬ್ಧ, ‘ರಿಮೇಂಡರ್’ ಶೇಷ. ಇಂಥ ಪದಗಳು ಓದುತ್ತಾ ಓದುತ್ತಾ ತಾವಾಗಿ ಕೂರುತ್ತವೆ. ಅಂಕ ತಿನ್ನುವುದು ಚಿಕ್ಕ ಪದಗಳು: ಆಫ್, ಬೈ, ಟು, ಫ್ರಮ್, ದ್ಯಾನ್, ಪರ್. ಕನ್ನಡದಲ್ಲಿ ಈ ಕೆಲಸವನ್ನು ‘ಇಂದ’, ‘ಗಿಂತ’, ‘ಕ್ಕೆ’, ‘ಅಷ್ಟು’ ಎಂಬ ಬಾಲಗಳು ಮಾಡುತ್ತವೆ. ಅವು ಪದಕ್ಕೇ ಅಂಟಿಕೊಂಡಿರುವುದರಿಂದ ಕಣ್ಣು ತಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಅವು ಬೇರೆ ನಿಂತಿರುತ್ತವೆ, ಅವಸರದಲ್ಲಿ ಓದುವವರು ಹಾರಿಸಿಬಿಡುತ್ತಾರೆ.

ಮೊದಲು ಕಳೆಯುವುದನ್ನು ನೋಡಿ. ‘ಸಬ್‌ಟ್ರ್ಯಾಕ್ಟ್ 7 ಫ್ರಮ್ 15’ ಅಂದರೆ 15ರಿಂದ 7 ಕಳೆ, 15 − 7. ‘5 ಲೆಸ್ ದ್ಯಾನ್ ಎಕ್ಸ್’ ಅಂದರೆ ಎಕ್ಸ್‌ಗಿಂತ 5 ಕಡಿಮೆ, ಎಕ್ಸ್ − 5. ಎರಡರಲ್ಲೂ ಇಂಗ್ಲಿಷ್ ಹೇಳುವ ಕ್ರಮ ತಿರುಗುಮುರುಗು, ಕನ್ನಡದ ಕ್ರಮವೇ ಬರೆಯುವ ಕ್ರಮ. ಹಾಗಾಗಿ ‘ಫ್ರಮ್’ ಅಥವಾ ‘ದ್ಯಾನ್’ ಕಂಡರೆ ಅದರ ನಂತರ ಇರುವುದನ್ನು ಕಾಗದದ ಮೇಲೆ ಮೊದಲು ಬರೆಯಿರಿ. ಒಂದು ಎಚ್ಚರ ಇದೆ: ‘5 ಈಸ್ ಲೆಸ್ ದ್ಯಾನ್ ಎಕ್ಸ್’ ಎಂದಿದ್ದರೆ ಅಲ್ಲಿ ಕಳೆಯುವುದೇ ಇಲ್ಲ, ಅದು 5 < ಎಕ್ಸ್ ಎಂಬ ಅಸಮತೆ. ‘ಈಸ್’ ಒಂದರಿಂದ ಇಡೀ ಅರ್ಥ ಬದಲಾಯಿತು.

ಎರಡು ಕ್ರಿಯೆಗಳು ಒಟ್ಟಿಗೆ ಬಂದಾಗಲೂ ಇದೇ ಕಥೆ. ‘ಸ್ಕ್ವೇರ್ ಆಫ್ ದಿ ಸಮ್’ ಅಂದರೆ ಮೊತ್ತದ ವರ್ಗ, ‘ಸಮ್ ಆಫ್ ದಿ ಸ್ಕ್ವೇರ್ಸ್’ ಅಂದರೆ ವರ್ಗಗಳ ಮೊತ್ತ. 3 ಮತ್ತು 4ಕ್ಕೆ ಮೊದಲನೆಯದು 49, ಎರಡನೆಯದು 25. ಕನ್ನಡದಲ್ಲಿ ಮೊದಲು ಮಾಡುವ ಕೆಲಸದ ಹೆಸರು ಮೊದಲು ಬರುತ್ತೆ, ಇಂಗ್ಲಿಷಿನಲ್ಲಿ ಕೊನೆಗೆ. ‘ಆಫ್’ ಇರುವ ಕಡೆ ಹಿಂದಿನಿಂದ ಓದುವ ಅಭ್ಯಾಸ ಮಾಡಿ.

‘ಇಂಟು’ ಬಗ್ಗೆಯೂ ಹೇಳಲೇಬೇಕು. ನಮ್ಮ ಶಾಲೆಗಳಲ್ಲಿ ‘4 ಇಂಟು 5’ ಅಂದರೆ ಗುಣಾಕಾರ, ಇಪ್ಪತ್ತು. ಜಿಆರ್‌ಇ, ಜಿಮ್ಯಾಟ್‌ನಂಥ ಹೊರದೇಶದ ಉನ್ನತ ವ್ಯಾಸಂಗದ ಪ್ರವೇಶ ಪರೀಕ್ಷೆಯ ಇಂಗ್ಲಿಷಿನಲ್ಲಿ ‘4 ಗೋಸ್ ಇಂಟು 20’, ‘ಡಿವೈಡ್ 4 ಇಂಟು 20’ ಅಂದರೆ 20 ÷ 4. ‘ಡಿವೈಡ್ 20 ಬೈ 4’ ಅಂದರೂ ಅದೇ. ‘ಬೈ’ ನಂತರ ಬರುವುದು ಭಾಜಕ, ‘ಇಂಟು’ ನಂತರ ಬರುವುದು ಭಾಜ್ಯ.

ಬೇಲೂರು ಬಿಎಸ್ಸಿ:

ಮೇಷ್ಟ್ರು ಹೇಳಿದ ‘ಬೈ’ ಮತ್ತು ‘ಟು’ ಶೇಕಡಾ ಲೆಕ್ಕದಲ್ಲಿ ಇನ್ನೂ ಅಪಾಯ. 500 ರೂಪಾಯಿ ವಸ್ತು ‘ರಿಡ್ಯೂಸ್ಡ್ ಬೈ 20 ಪರ್ಸೆಂಟ್’ ಎಂದರೆ ಶೇ. 20ರಷ್ಟು ಇಳಿಯಿತು, ಈಗ 400. ‘ರಿಡ್ಯೂಸ್ಡ್ ಟು 20 ಪರ್ಸೆಂಟ್’ ಎಂದರೆ ಶೇ. 20ಕ್ಕೆ ಇಳಿಯಿತು, ಈಗ 100. ಆಯ್ಕೆಗಳಲ್ಲಿ ಎರಡು ಉತ್ತರವನ್ನೂ ಇಟ್ಟಿರುತ್ತಾರೆ.

ಶೇಕಡಾದಲ್ಲಿ ನೂರು ಎಂದು ಹಿಡಿಯಬೇಕಾದದ್ದು ‘ಆಫ್’ ಅಥವಾ ‘ದ್ಯಾನ್’ ನಂತರದ್ದು. ರಮೇಶನ ಸಂಬಳ ಸುರೇಶನಿಗಿಂತ ಶೇ. 25 ಹೆಚ್ಚು ಎಂದರೆ ಸುರೇಶ 100, ರಮೇಶ 125. ಸುರೇಶನದು ರಮೇಶನಿಗಿಂತ ಎಷ್ಟು ಶೇಕಡಾ ಕಡಿಮೆ ಎಂದು ಕೇಳಿದಾಗ ನೂರು ಈಗ ರಮೇಶನ ಕಡೆಗೆ ಹೋಯಿತು: 125ರಲ್ಲಿ 25, ಅಂದರೆ ಶೇ. 20. ಇದಕ್ಕೆ ಶೇ. 25 ಎಂದೇ ಗುರುತು ಹಾಕುವವರು ಬಹಳ.

ಇನ್ನೊಂದು, ‘ದೇರ್ ಆರ್ ಟ್ವೈಸ್ ಆಸ್ ಮೆನಿ ಬಾಯ್ಸ್ ಆಸ್ ಗರ್ಲ್ಸ್’. ಪದ ಬಂದ ಕ್ರಮದಲ್ಲೇ ಬರೆದರೆ 2 × ಹುಡುಗರು = ಹುಡುಗಿಯರು ಆಗುತ್ತೆ, ಅದು ತಪ್ಪು. ಹುಡುಗರು = 2 × ಹುಡುಗಿಯರು. ಇದು ಕನ್ನಡ ಮಾಧ್ಯಮದವರ ಸಮಸ್ಯೆ ಮಾತ್ರ ಅಲ್ಲ. ಒಬ್ಬ ಪ್ರೊಫೆಸರ್‌ಗೆ ಆರು ವಿದ್ಯಾರ್ಥಿಗಳು ಎಂಬ ಇಂಥದೇ ವಾಕ್ಯವನ್ನು 1980ರ ಸುಮಾರಿಗೆ ಅಮೆರಿಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊಟ್ಟಾಗ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ತಪ್ಪು ಮಾಡಿದರು, ಅವರಲ್ಲಿ ಹೆಚ್ಚಿನವರು ತಿರುಗಿಸಿ ಬರೆದರು. ಗಣಿತ ಶಿಕ್ಷಣದಲ್ಲಿ ಇದು ಹೆಸರಾದ ಪ್ರಯೋಗ. ಆದ್ದರಿಂದ ಸಮೀಕರಣ ಬರೆದ ಕೂಡಲೇ ಒಂದು ಸಣ್ಣ ಸಂಖ್ಯೆ ಹಾಕಿ ನೋಡಿ: ಹುಡುಗಿಯರು 10 ಆದರೆ ಹುಡುಗರು 20 ಬರುತ್ತಾ? ಐದು ಸೆಕೆಂಡಿನ ಕೆಲಸ.

ಕಡೂರು ಕೋಚಿಂಗ್:

ಸಂಖ್ಯೆಗಳ ಹೆಸರಿನ ಬಗ್ಗೆ ನನ್ನ ಪಾಲಿಂದ.

‘ಇಂಟಿಜರ್’ ಪೂರ್ಣಾಂಕ, ಋಣ ಸಂಖ್ಯೆಗಳೂ ಸೊನ್ನೆಯೂ ಸೇರಿ. ‘ಹೋಲ್ ನಂಬರ್’ ಪೂರ್ಣ ಸಂಖ್ಯೆ, ಸೊನ್ನೆಯಿಂದ ಮೇಲೆ. ಕನ್ನಡದಲ್ಲೇ ಇವೆರಡು ಒಂದೇ ಥರ ಕೇಳುವುದರಿಂದ ಇಂಗ್ಲಿಷಿಗೂ ಗೊಂದಲ ಸಾಗಿಬರುತ್ತೆ. ಹಾಗೆಯೇ ‘ಫ್ಯಾಕ್ಟರ್’ ಅಪವರ್ತನ, ‘ಮಲ್ಟಿಪಲ್’ ಅಪವರ್ತ್ಯ. ಇಲ್ಲಂತೂ ಇಂಗ್ಲಿಷೇ ಸುಲಭ: 12ರ ಫ್ಯಾಕ್ಟರ್‌ಗಳು 1, 2, 3, 4, 6, 12 ಎಂದು ಮುಗಿದುಹೋಗುತ್ತವೆ, ಮಲ್ಟಿಪಲ್‌ಗಳು 12, 24, 36 ಎಂದು ಮುಗಿಯುವುದೇ ಇಲ್ಲ.

‘ಪಾಸಿಟಿವ್’ ಅಂದರೆ ಸೊನ್ನೆ ಇಲ್ಲ. ‘ನಾನ್‌ನೆಗೆಟಿವ್’ ಅಂದರೆ ಸೊನ್ನೆ ಇದೆ. ‘ನಾನ್‌ಜೀರೋ’ ಅಂದರೆ ಸೊನ್ನೆ ಬಿಟ್ಟು ಧನ, ಋಣ ಎರಡೂ. ಸೊನ್ನೆ ಸಮಸಂಖ್ಯೆ, 1 ಅವಿಭಾಜ್ಯ ಅಲ್ಲ, 2 ಒಂದೇ ಸಮ ಅವಿಭಾಜ್ಯ. ಜಿಆರ್‌ಇಯ ಹೋಲಿಕೆ ಪ್ರಶ್ನೆಗಳಲ್ಲಿ ಬಹಳಷ್ಟು ಬಲೆಗಳು ಈ ಅಂಚಿನಲ್ಲೇ ಇರುತ್ತವೆ.

‘ಡಿಸ್ಟಿಂಕ್ಟ್’ ಅಂದರೆ ಬೇರೆ ಬೇರೆಯಾದ. 72 ಎಂದರೆ 2 × 2 × 2 × 3 × 3, ಅದರ ‘ಡಿಸ್ಟಿಂಕ್ಟ್ ಪ್ರೈಮ್ ಫ್ಯಾಕ್ಟರ್ಸ್’ ಎರಡೇ, 2 ಮತ್ತು 3. ‘ಪಾಸಿಟಿವ್ ಫ್ಯಾಕ್ಟರ್ಸ್’ ಎಷ್ಟು ಎಂದರೆ 12. ಒಂದೇ ಸಂಖ್ಯೆ, ಎರಡು ಪ್ರಶ್ನೆ.

‘ಇನ್‌ಕ್ಲೂಸಿವ್’ ಎಂದಿದ್ದರೆ ಎರಡೂ ತುದಿ ಸೇರಿಸಿ. 11ರಿಂದ 47ರವರೆಗೆ ಇನ್‌ಕ್ಲೂಸಿವ್ ಆದರೆ 47 − 11 + 1 = 37 ಸಂಖ್ಯೆಗಳು. ತುದಿ ಎರಡೂ ಬಿಟ್ಟರೆ 35. ಕಳೆದು 36 ಎಂದು ನಿಲ್ಲಿಸುವುದು ಮಾಮೂಲಿ ತಪ್ಪು.

‘ಟೆನ್ಸ್’ ಮತ್ತು ‘ಟೆಂತ್ಸ್’ ಕಣ್ಣಿಗೂ ಕಿವಿಗೂ ಒಂದೇ ಥರ. 3456.789ರಲ್ಲಿ ‘ಟೆನ್ಸ್ ಡಿಜಿಟ್’ 5, ಹತ್ತರ ಸ್ಥಾನ. ‘ಟೆಂತ್ಸ್ ಡಿಜಿಟ್’ 7, ಬಿಂದುವಿನ ನಂತರದ ಮೊದಲ ಸ್ಥಾನ. ‘ಹಂಡ್ರೆಡ್ಸ್’ 4, ‘ಹಂಡ್ರೆಡ್ತ್ಸ್’ 8. ‘ರೌಂಡ್ ಟು ದಿ ನಿಯರೆಸ್ಟ್ ಟೆಂತ್’ ಎಂದರೆ 3456.8, ‘ನಿಯರೆಸ್ಟ್ ಟೆನ್’ ಎಂದರೆ 3460.

ಅರಸೀಕೆರೆ ಅಭ್ಯರ್ಥಿ:

ತುಂಬಾ ಉಪಯೋಗ ಆಯ್ತು ಸರ್. ‘ಅಟ್ ಲೀಸ್ಟ್’, ‘ಅಟ್ ಮೋಸ್ಟ್’, ‘ನಾಟ್ ಲೆಸ್ ದ್ಯಾನ್’ ಇವು ಬಂದಾಗ ಚಿಹ್ನೆ ಯಾವ ಕಡೆ ಹಾಕಬೇಕು ಅನ್ನೋದು ಪ್ರತಿ ಸಲ ಯೋಚಿಸಬೇಕಾಗುತ್ತೆ. ಸರಾಸರಿ, ಸಂಭವನೀಯತೆ ಕಡೆಯ ಪದಗಳನ್ನೂ ಯಾರಾದರೂ ತಿಳಿಸಿ.

ಮೂಡಿಗೆರೆ ಬ್ಯಾಂಕರ್:

‘ಅಟ್ ಲೀಸ್ಟ್’ ಅಂದರೆ ಕನಿಷ್ಠ, ≥. ‘ಅಟ್ ಮೋಸ್ಟ್’ ಅಂದರೆ ಗರಿಷ್ಠ, ≤. ‘ಲೀಸ್ಟ್’ ಎಂಬ ಪದ ಕಂಡು ಕಡಿಮೆಯ ಚಿಹ್ನೆ ಹಾಕುವುದೇ ತಪ್ಪಿನ ಮೂಲ. ನಮ್ಮ ಜಿಲ್ಲೆಯದೇ ಉದಾಹರಣೆ ಇದೆ: ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದು ಎಂಬುದು ಆಹಾರ ಸುರಕ್ಷತಾ ನಿಯಮ. ಇಂಗ್ಲಿಷಿನಲ್ಲಿ ‘ನಾಟ್ ಲೆಸ್ ದ್ಯಾನ್ 51’, ಅಂದರೆ ಕಾಫಿ ≥ 51. ಅದನ್ನೇ ತಿರುಗಿಸಿದರೆ ಚಿಕೋರಿ ‘ನಾಟ್ ಮೋರ್ ದ್ಯಾನ್ 49’, ≤ 49. ಸರಿಯಾಗಿ 51 ಇದ್ದರೂ ನಿಯಮಕ್ಕೆ ಒಪ್ಪಿಗೆ. ‘ಮೋರ್ ದ್ಯಾನ್ 51’ ಎಂದಿದ್ದರೆ 51 ಹೊರಗೆ.

ಕಾಫಿ ಎಂದ ಮೇಲೆ ಮಿಶ್ರಣದ ಲೆಕ್ಕವನ್ನೂ ಮುಗಿಸಿಬಿಡೋಣ. 40 ಕೆ.ಜಿ. ಪುಡಿಯಲ್ಲಿ ಕಾಫಿ, ಚಿಕೋರಿ 7:3 ಇದೆ, ಅಂದರೆ 28 ಮತ್ತು 12 ಕೆ.ಜಿ. ಇದನ್ನು 4:1 ಮಾಡಬೇಕು. ಪ್ರಶ್ನೆಯಲ್ಲಿ ‘ಆ್ಯಡೆಡ್’ ಇದ್ದರೆ ಕಾಫಿ ಮಾತ್ರ ಸೇರುತ್ತೆ, ಚಿಕೋರಿ 12 ಹಾಗೇ ಉಳಿಯುತ್ತೆ. ಕಾಫಿ 48 ಆಗಬೇಕು, ಸೇರಿಸಬೇಕಾದ್ದು 20 ಕೆ.ಜಿ. ‘ರಿಪ್ಲೇಸ್ಡ್ ವಿತ್’ ಇದ್ದರೆ ಮಿಶ್ರಣದಿಂದ ಸ್ವಲ್ಪ ತೆಗೆದು ಅಷ್ಟೇ ತೂಕದ ಕಾಫಿ ಹಾಕುವುದು, ಒಟ್ಟು 40 ಬದಲಾಗುವುದಿಲ್ಲ. ಚಿಕೋರಿ 12ರಿಂದ 8ಕ್ಕೆ ಇಳಿಯಬೇಕು. ತೆಗೆದ ಮಿಶ್ರಣದಲ್ಲಿ ಶೇ. 30 ಚಿಕೋರಿ ಇರುವುದರಿಂದ 4 ÷ 0.3, ಸುಮಾರು 13.33 ಕೆ.ಜಿ. ತೆಗೆಯಬೇಕು. ಒಂದೇ ಕ್ರಿಯಾಪದದ ವ್ಯತ್ಯಾಸಕ್ಕೆ 20 ಹೋಗಿ 13.33.

ಬಡ್ಡಿಯಲ್ಲಿ ನೋಡಬೇಕಾದ ಪದ ‘ಕಾಂಪೌಂಡೆಡ್ ಹಾಫ್ ಇಯರ್ಲಿ’. ‘8 ಪರ್ಸೆಂಟ್ ಪರ್ ಆ್ಯನಮ್’ ಇದ್ದರೆ ಆರು ತಿಂಗಳಿಗೆ ಶೇ. 4, ವರ್ಷಕ್ಕೆ ಎರಡು ಸಲ: 10,000ಕ್ಕೆ 10,816. ‘ಕ್ವಾರ್ಟರ್ಲಿ’ ಆದರೆ ಶೇ. 2 ನಾಲ್ಕು ಸಲ: 10,824.32. ‘ಪ್ರಿನ್ಸಿಪಲ್’ ಅಸಲು, ‘ಅಮೌಂಟ್’ ಅಸಲು ಮತ್ತು ಬಡ್ಡಿ ಸೇರಿದ್ದು. ‘ಅಮೌಂಟ್’ ಅನ್ನು ಬರೀ ಹಣ ಎಂದು ಓದಿದರೆ ಲೆಕ್ಕ ಕೆಡುತ್ತೆ.

ಅಂಗಡಿ ಲೆಕ್ಕದಲ್ಲಿ ‘ಕಾಸ್ಟ್ ಪ್ರೈಸ್’ ಕೊಂಡ ಬೆಲೆ, ‘ಮಾರ್ಕ್ಡ್ ಪ್ರೈಸ್’ ನಮೂದಿಸಿದ ಬೆಲೆ, ‘ಸೆಲ್ಲಿಂಗ್ ಪ್ರೈಸ್’ ಮಾರಿದ ಬೆಲೆ. ಲಾಭದ ಶೇಕಡಾ ಕೊಂಡ ಬೆಲೆ ಮೇಲೆ, ರಿಯಾಯಿತಿಯ ಶೇಕಡಾ ನಮೂದಿಸಿದ ಬೆಲೆ ಮೇಲೆ. ‘ಸಕ್ಸೆಸಿವ್ ಡಿಸ್ಕೌಂಟ್ಸ್ ಆಫ್ 20 ಅಂಡ್ 10 ಪರ್ಸೆಂಟ್’ ಎಂದರೆ ಒಂದಾದ ಮೇಲೊಂದು, ಒಟ್ಟು ಶೇ. 28, ಶೇ. 30 ಅಲ್ಲ.

‘ಪರ್ಸೆಂಟ್’ ಮತ್ತು ‘ಪರ್ಸೆಂಟೇಜ್ ಪಾಯಿಂಟ್’ ಬೇರೆ. ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಲ್ಲಿ ರೆಪೊ ದರವನ್ನು (ಅದು ಬ್ಯಾಂಕ್‌ಗಳಿಗೆ ಸಾಲ ಕೊಡುವ ಬಡ್ಡಿ ದರ) 6.50ರಿಂದ 6.25ಕ್ಕೆ ಇಳಿಸಿತು. ಅದು 0.25 ಪರ್ಸೆಂಟೇಜ್ ಪಾಯಿಂಟ್, ಅಂದರೆ 25 ಬೇಸಿಸ್ ಪಾಯಿಂಟ್. ಶೇಕಡಾ ಇಳಿಕೆ ಕೇಳಿದರೆ 0.25 ÷ 6.50, ಸುಮಾರು ಶೇ. 3.85. ಪಿಒ ಸಂದರ್ಶನಕ್ಕೂ ಇದು ಬೇಕಾಗುವ ಜ್ಞಾನ.

ಸಂಖ್ಯಾಶಾಸ್ತ್ರ ಉಪನ್ಯಾಸಕಿ, ಚಿಕ್ಕಮಗಳೂರು:

ಸಂಖ್ಯಾಶಾಸ್ತ್ರದಲ್ಲಿ ತೊಂದರೆ ಚಿಕ್ಕ ಪದಗಳದ್ದಲ್ಲ, ವ್ಯಾಖ್ಯೆಯದ್ದು. ಇಲ್ಲಿ ಕನ್ನಡ ಪದ ಗೊತ್ತಿದ್ದ ಮಾತ್ರಕ್ಕೆ ಸಾಲದು ಎಂಬುದನ್ನು ಒತ್ತಿ ಹೇಳುತ್ತೇನೆ.

ಐವರ ದಿನಗೂಲಿ 450, 450, 500, 500, 2100 ಎಂದಿಟ್ಟುಕೊಳ್ಳಿ. ‘ಮೀನ್’ ಅಥವಾ ‘ಆ್ಯವರೇಜ್’, ಸರಾಸರಿ, 4000 ÷ 5 = 800. ‘ಮೀಡಿಯನ್’, ಮಧ್ಯಾಂಕ, ಏರಿಕೆ ಕ್ರಮದಲ್ಲಿ ನಡುವಿನದು, 500. ‘ಮೋಡ್’, ಬಹುಲಕ, ಇಲ್ಲಿ ಎರಡಿವೆ, 450 ಮತ್ತು 500. ‘ರೇಂಜ್’, ವ್ಯಾಪ್ತಿ, 2100 − 450 = 1650. ನಾಲ್ವರೂ 500 ದಾಟದಿದ್ದರೂ ಸರಾಸರಿ 800 ಆದದ್ದು ಒಂದೇ ‘ಔಟ್‌ಲೈಯರ್’ನಿಂದ, ಅಂದರೆ ಉಳಿದವುಗಳಿಂದ ಬಹಳ ದೂರ ನಿಂತ ಸಂಖ್ಯೆಯಿಂದ. ಕೊನೆಯ ಕೂಲಿ 2100 ಹೋಗಿ 5000 ಆದರೂ ಮಧ್ಯಾಂಕ ಅಲುಗುವುದಿಲ್ಲ. ಪ್ರಶ್ನೆಗಳು ಹುಟ್ಟುವುದೇ ಇಲ್ಲಿಂದ: ಯಾವುದು ಬದಲಾಗುತ್ತೆ, ಯಾವುದು ಇಲ್ಲ? ಕೊಟ್ಟ ಸಂಖ್ಯೆಗಳನ್ನು ಏರಿಕೆಗೆ ಜೋಡಿಸದೆ ನಡುವಿನದನ್ನು ಹೆಕ್ಕುವ ತಪ್ಪು ಕೂಡ ಸಾಮಾನ್ಯ.

‘ಸ್ಟ್ಯಾಂಡರ್ಡ್ ಡೀವಿಯೇಶನ್’, ಮಾನಕ ವಿಚಲನೆ, ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ. 2, 4, 4, 4, 5, 5, 7, 9ರ ಸರಾಸರಿ 5. ಪ್ರತಿಯೊಂದರಿಂದ 5 ಕಳೆದು ವರ್ಗ ಮಾಡಿ ಕೂಡಿದರೆ 32. ಅದನ್ನು 8ರಿಂದ ಭಾಗಿಸಿದರೆ 4, ಅದು ‘ವೇರಿಯನ್ಸ್’. ವರ್ಗಮೂಲ 2. ‘ಸ್ಯಾಂಪಲ್ ಸ್ಟ್ಯಾಂಡರ್ಡ್ ಡೀವಿಯೇಶನ್’ ಎಂದು ಸ್ಪಷ್ಟವಾಗಿ ಹೇಳಿದ್ದರೆ ಮಾತ್ರ 8ರ ಬದಲು 7ರಿಂದ ಭಾಗಿಸಿ, ಸುಮಾರು 2.14 ಬರುತ್ತೆ. ಎಲ್ಲ ಸಂಖ್ಯೆಗೂ 10 ಕೂಡಿದರೆ ವಿಚಲನೆ 2 ಆಗಿಯೇ ಇರುತ್ತೆ, ಎಲ್ಲವನ್ನೂ 3ರಿಂದ ಗುಣಿಸಿದರೆ 6 ಆಗುತ್ತೆ. ಪರೀಕ್ಷೆಯಲ್ಲಿ ಪೂರ್ತಿ ಲೆಕ್ಕ ಮಾಡಿಸುವುದಕ್ಕಿಂತ ಈ ಗುಣವನ್ನೇ ಹೆಚ್ಚಾಗಿ ಕೇಳುತ್ತಾರೆ. ‘ವಿದಿನ್ ಟೂ ಸ್ಟ್ಯಾಂಡರ್ಡ್ ಡೀವಿಯೇಶನ್ಸ್ ಆಫ್ ದಿ ಮೀನ್’ ಎಂದರೆ ಸರಾಸರಿಯ ಎರಡೂ ಕಡೆಗೆ: 5 − 4 = 1ರಿಂದ 5 + 4 = 9ರವರೆಗೆ. ಒಂದೇ ಕಡೆ ಹೋಗಬೇಡಿ.

‘ಪರ್ಸೆಂಟೈಲ್’ ಅಂಕವಲ್ಲ, ಸ್ಥಾನ. ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 500 ಬಂದರೆ ಶೇ. 80. ಎಂಬಿಎ ಪ್ರವೇಶ ಪರೀಕ್ಷೆ ಸಿಎಟಿಯಲ್ಲಿ 80ನೇ ಪರ್ಸೆಂಟೈಲ್ ಎಂದರೆ ಬರೆದವರಲ್ಲಿ ಸುಮಾರು ಶೇ. 80 ಮಂದಿ ನಿಮಗಿಂತ ಕೆಳಗೆ ಎಂದರ್ಥ, ನಿಮ್ಮ ಅಂಕ ಎಷ್ಟು ಎಂಬುದು ಅದರಲ್ಲಿ ಇಲ್ಲ.

‘ಪ್ರೊಪೋರ್ಶನ್’ ನಮ್ಮ ಪಠ್ಯದಲ್ಲಿ ಸಮಾನುಪಾತ, ಎರಡು ಅನುಪಾತ ಸಮ ಇರುವುದು. ಸಂಖ್ಯಾಶಾಸ್ತ್ರದ ಪ್ರಶ್ನೆಯಲ್ಲಿ ಅದೇ ಪದಕ್ಕೆ ಒಟ್ಟಿನಲ್ಲಿ ಎಷ್ಟು ಭಾಗ ಎಂದರ್ಥ. 3:2 ಎಂಬ ಹುಡುಗ–ಹುಡುಗಿ ‘ರೇಶಿಯೋ’ದಲ್ಲಿ ಹುಡುಗರ ‘ಪ್ರೊಪೋರ್ಶನ್’ ಐದರಲ್ಲಿ ಮೂರು.

ಸಂಭವನೀಯತೆಯಲ್ಲಿ ‘ಅಟ್ ಲೀಸ್ಟ್ ಒನ್’ ಬಂದರೆ ಒಂದೂ ಇಲ್ಲದ ಸಂಭವವನ್ನು 1ರಿಂದ ಕಳೆಯಿರಿ. ನಾಣ್ಯ ಮೂರು ಸಲ ಚಿಮ್ಮಿದರೆ ಕನಿಷ್ಠ ಒಂದು ‘ಹೆಡ್’ 7/8. ‘ವಿತ್ ರಿಪ್ಲೇಸ್‌ಮೆಂಟ್’ ಎಂದರೆ ತೆಗೆದದ್ದನ್ನು ಮತ್ತೆ ಹಾಕಿ ಎರಡನೆಯದನ್ನು ತೆಗೆಯುವುದು: 5 ಕೆಂಪು, 3 ಕಪ್ಪು ಚೆಂಡಿನಲ್ಲಿ ಎರಡೂ ಕೆಂಪು ಬರುವುದು 25/64. ‘ವಿದೌಟ್’ ಆದರೆ 20/56, ಅಂದರೆ 5/14. ಮೂಡಿಗೆರೆಯವರು ಹೇಳಿದ ‘ರಿಪ್ಲೇಸ್ಡ್’ಗೂ ಇದಕ್ಕೂ ಅರ್ಥ ಬೇರೆ, ಗಮನಿಸಿ. ‘ಮ್ಯೂಚುವಲಿ ಎಕ್ಸ್‌ಕ್ಲೂಸಿವ್’ ಎಂದರೆ ಎರಡೂ ಒಟ್ಟಿಗೆ ಆಗಲಾರವು, ‘ಇಂಡಿಪೆಂಡೆಂಟ್’ ಎಂದರೆ ಒಂದು ಆದದ್ದರಿಂದ ಇನ್ನೊಂದರ ಸಂಭವ ಬದಲಾಗದು. ಇವೆರಡನ್ನು ಒಂದೇ ಎಂದು ತಿಳಿದರೆ ಕೂಡಬೇಕಾದಲ್ಲಿ ಗುಣಿಸುತ್ತೀರಿ.

ಸಕಲೇಶಪುರ ಜಿಆರ್‌ಇ:

ಮೇಡಂ ಬರೆದದ್ದಕ್ಕೆ ಒಂದು ಸೇರ್ಪಡೆ, ಒಂದು ಭಿನ್ನಾಭಿಪ್ರಾಯ.

ಸೇರ್ಪಡೆ ನಕ್ಷೆಗಳ ಬಗ್ಗೆ. ಜಿಆರ್‌ಇಯ ಕೋಷ್ಟಕಗಳಲ್ಲಿ ಮೂಲೆಯಲ್ಲಿ ‘ಇನ್ ಥೌಸಂಡ್ಸ್’, ‘ಇನ್ ಮಿಲಿಯನ್ಸ್’ ಎಂದು ಸಣ್ಣಕ್ಷರದಲ್ಲಿ ಇರುತ್ತೆ. 1 ಮಿಲಿಯನ್ 10 ಲಕ್ಷ, 1 ಬಿಲಿಯನ್ 100 ಕೋಟಿ. ಅಲ್ಪವಿರಾಮದ ಜಾಗವೂ ಬೇರೆ: 1,250,000 ಎಂದರೆ ನಮ್ಮ 12,50,000. ಲಕ್ಷಕ್ಕೆ ತಂದು ಮತ್ತೆ ವಾಪಸ್ ಹೋಗುವ ಬದಲು ಸೊನ್ನೆ ಎಣಿಸಿ ಮಿಲಿಯನ್‌ನಲ್ಲೇ ಲೆಕ್ಕ ಮುಗಿಸಿ. ಇಸ್ಪೀಟು ಆಡದ ಮನೆಯವರು ಇದನ್ನೂ ಬರೆದಿಟ್ಟುಕೊಳ್ಳಿ: 52 ಎಲೆ, 4 ‘ಸೂಟ್’ (ಗುಂಪು), ಒಂದೊಂದರಲ್ಲಿ 13, ‘ಫೇಸ್ ಕಾರ್ಡ್’ (ರಾಜ, ರಾಣಿ, ಗುಲಾಮ) 12. ಅಮೆರಿಕದ ನಾಣ್ಯಗಳಲ್ಲಿ ‘ನಿಕಲ್’ 5, ‘ಡೈಮ್’ 10, ‘ಕ್ವಾರ್ಟರ್’ 25 ಸೆಂಟ್.

ಭಿನ್ನಾಭಿಪ್ರಾಯ ಕನ್ನಡದ ಕ್ರಮಕ್ಕೆ ತಿರುಗಿಸಿ ಓದಲು ಹೇಳಿದ ಮೇಷ್ಟ್ರ ಜೊತೆ. ಪ್ರತಿ ವಾಕ್ಯವನ್ನೂ ಕನ್ನಡಕ್ಕೆ ತಿರುಗಿಸುವಷ್ಟು ಸಮಯ ಪರೀಕ್ಷೆಯಲ್ಲಿ ಇಲ್ಲ. 2023ರ ಸೆಪ್ಟೆಂಬರ್‌ನಿಂದ ಜಿಆರ್‌ಇ ಗಣಿತ ಎರಡು ಭಾಗ: 21 ನಿಮಿಷಕ್ಕೆ 12 ಪ್ರಶ್ನೆ, 26 ನಿಮಿಷಕ್ಕೆ 15. ಒಂದಕ್ಕೆ ಒಂದೂ ಮುಕ್ಕಾಲು ನಿಮಿಷ. ಜಿಮ್ಯಾಟ್‌ನಲ್ಲಿ 45 ನಿಮಿಷಕ್ಕೆ 21, ಆ ಭಾಗಕ್ಕೆ ಕ್ಯಾಲ್ಕುಲೇಟರ್ ಕೂಡ ಇಲ್ಲ. ಹಾಗಾಗಿ ಮೊದಲ ದಿನದಿಂದ ಇಂಗ್ಲಿಷಿನಲ್ಲೇ ಯೋಚಿಸಬೇಕು ಎನ್ನುವುದು ನನ್ನ ಮತ.

ಲೆಕ್ಕದ ಮೇಷ್ಟ್ರು, ಹಾಸನ:

ನಿಮ್ಮ ಮಾತು ಪರೀಕ್ಷೆಯ ದಿನಕ್ಕೆ ಸರಿ. ಆದರೆ ಕಲಿಯುವ ಮೊದಲ ತಿಂಗಳಿಗೆ ಒಪ್ಪಲಾರೆ. ಇಂಗ್ಲಿಷಿನಲ್ಲೇ ಯೋಚಿಸಿ ಎಂದಾಗ ಹುಡುಗರು ಮಾಡುವುದು ಯೋಚನೆಯಲ್ಲ, ಸುಳಿವು ಪದ ಹುಡುಕುವುದು: ‘ಮೋರ್’ ಕಂಡರೆ ಕೂಡು, ‘ಲೆಫ್ಟ್’ ಕಂಡರೆ ಕಳೆ. ‘ಗೌರಿಯ ಬಳಿ 12 ಇದೆ, ಅದು ಗೀತಳ ಬಳಿ ಇರುವುದಕ್ಕಿಂತ 5 ಮೋರ್’ ಎಂದರೆ ಗೀತಳದು 7, ಇಲ್ಲಿ ‘ಮೋರ್’ ಇದ್ದೂ ಕಳೆಯಬೇಕು. ಅರ್ಥವನ್ನು ಗಟ್ಟಿ ಮಾಡಿಕೊಳ್ಳದೆ ವೇಗ ಬೆಳೆಸಿದರೆ ತಪ್ಪೇ ವೇಗವಾಗಿ ಬರುತ್ತೆ.

ವಿಧಾನ ಹೀಗಿರಲಿ. ರಾಜ್ಯದ ಹತ್ತನೇ ತರಗತಿ ಗಣಿತ ಪಠ್ಯ ಎನ್‌ಸಿಇಆರ್‌ಟಿ ಆಧಾರಿತ. ಕನ್ನಡ, ಇಂಗ್ಲಿಷ್ ಎರಡೂ ಆವೃತ್ತಿ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅದೇ ಅಭ್ಯಾಸ, ಅದೇ ಪ್ರಶ್ನೆ ಎರಡರಲ್ಲೂ ಇರುವುದರಿಂದ ಪಕ್ಕಪಕ್ಕ ಇಟ್ಟು ಓದಬಹುದು. ಸಂಖ್ಯಾಶಾಸ್ತ್ರ, ಸಂಭವನೀಯತೆ ಅಧ್ಯಾಯಗಳಿಂದ ಶುರು ಮಾಡಿ. ಇಂಗ್ಲಿಷ್ ಪ್ರಶ್ನೆ ಓದಿ, ಸಮೀಕರಣ ಮಾತ್ರ ಬರೆಯಿರಿ, ಉತ್ತರ ಬಿಡಿಸಬೇಡಿ. ಆಮೇಲೆ ಕನ್ನಡದ್ದು ಓದಿ ಅದೇ ಸಮೀಕರಣ ಬರುತ್ತಾ ನೋಡಿ. ಎಲ್ಲಿ ಹೊಂದಲಿಲ್ಲವೋ ಆ ವಾಕ್ಯದ ತುಣುಕನ್ನು ಮಾತ್ರ ನೋಟ್ ಪುಸ್ತಕಕ್ಕೆ ಹಾಕಿ: ಒಂದು ಕಡೆ ಇಂಗ್ಲಿಷ್ ತುಣುಕು, ಇನ್ನೊಂದು ಕಡೆ ಚಿಹ್ನೆ, ಜೊತೆಗೊಂದು ಸಣ್ಣ ಸಂಖ್ಯೆಯ ಪರೀಕ್ಷೆ. ಬಿಡಿ ಪದ ಬರೆಯಬೇಡಿ. ‘ಟೈಮ್ಸ್’ ಎಂದು ಬರೆದರೆ ಏನೂ ಸಿಗದು, ‘3 ಟೈಮ್ಸ್ ಆಸ್ ಮೆನಿ ಆಸ್’ ಎಂದು ಬರೆದರೆ ಸಿಗುತ್ತೆ. ಕನ್ನಡ ಆವೃತ್ತಿ ನೋಡದೇ ತುಣುಕಿನಿಂದ ನೇರ ಚಿಹ್ನೆಗೆ ಹೋಗಲು ಬಂದಾಗ ಆ ತುಣುಕನ್ನು ದಾಟಿಬಿಡಿ. ಆಗ ಸಕಲೇಶಪುರದವರು ಹೇಳಿದ ವೇಗಕ್ಕೆ ಕೈ ಹಾಕಿ.

ಸಕಲೇಶಪುರ ಜಿಆರ್‌ಇ:

ಸುಳಿವು ಪದದ ಮಾತು ಒಪ್ಪಿದೆ ಸರ್. ‘ಆ್ಯವರೇಜ್ ಸ್ಪೀಡ್’ನಲ್ಲೂ ಅದೇ ಆಗುತ್ತೆ. ಹಾಸನದಿಂದ ಚಿಕ್ಕಮಗಳೂರಿಗೆ 60 ಕಿ.ಮೀ. ಎಂದಿಟ್ಟುಕೊಂಡು ಹೋಗುವಾಗ ಗಂಟೆಗೆ 30, ಬರುವಾಗ 60 ಎಂದರೆ ಎರಡನ್ನೂ ಕೂಡಿ ಅರ್ಧ ಮಾಡಿ 45 ಎನ್ನುತ್ತಾರೆ. ಒಟ್ಟು 120 ಕಿ.ಮೀ., ಒಟ್ಟು 3 ಗಂಟೆ, ಉತ್ತರ 40. ‘ಪರ್ ಅವರ್’ನ ‘ಪರ್’ ಎಂದರೆ ಭಾಗಾಕಾರ ಎಂಬುದನ್ನು ಹಿಡಿದರೆ ಈ ತಪ್ಪು ಬರುವುದಿಲ್ಲ.

ಅರಸೀಕೆರೆ ಅಭ್ಯರ್ಥಿ:

ಕೊನೆಯದಾಗಿ ವಯಸ್ಸಿನ ಲೆಕ್ಕ. ‘ರವಿ ಈಸ್ ಆಸ್ ಮಚ್ ಯಂಗರ್ ದ್ಯಾನ್ ಗಿರಿ ಆಸ್ ಹೀ ಈಸ್ ಓಲ್ಡರ್ ದ್ಯಾನ್ ಮಣಿ’. ಗಿರಿ, ಮಣಿ ವಯಸ್ಸಿನ ಮೊತ್ತ 50. ಗಿರಿಗೂ ರವಿಗೂ ಇರುವ ವ್ಯತ್ಯಾಸ ಎಷ್ಟು? ಇದನ್ನು ಹೇಗೆ ಬಿಡಿಸುವುದು?

ಬೇಲೂರು ಬಿಎಸ್ಸಿ:

‘ಆಸ್ ಮಚ್ ... ಆಸ್’ ನಡುವೆ ಸಮಚಿಹ್ನೆ ಇದೆ ಎಂದು ಓದಿ. ರವಿ ಗಿರಿಗಿಂತ ಎಷ್ಟು ಚಿಕ್ಕವನೋ ಮಣಿಗಿಂತ ಅಷ್ಟೇ ದೊಡ್ಡವನು: ಗಿರಿ − ರವಿ = ರವಿ − ಮಣಿ. ಅಂದರೆ 2 × ರವಿ = ಗಿರಿ + ಮಣಿ = 50, ರವಿಗೆ 25. ವ್ಯತ್ಯಾಸ ಮಾತ್ರ ಸಿಗುವುದಿಲ್ಲ. ಗಿರಿ 30, ಮಣಿ 20 ಆದರೂ ಹೊಂದುತ್ತೆ, 40 ಮತ್ತು 10 ಆದರೂ ಹೊಂದುತ್ತೆ. ಆಯ್ಕೆಗಳಲ್ಲಿ ‘ಡೇಟಾ ಇನ್‌ಆ್ಯಡಿಕ್ವೇಟ್’, ಅಂದರೆ ಕೊಟ್ಟ ಮಾಹಿತಿ ಸಾಲದು, ಎಂಬುದಿರುತ್ತೆ. ಅದನ್ನೇ ಗುರುತಿಸಿ. ಇದೇ ಅಧ್ಯಾಯದಲ್ಲಿ ‘5 ಇಯರ್ಸ್ ಹೆನ್ಸ್’ ಎಂದು ಬಂದರೆ ಇಂದಿನಿಂದ 5 ವರ್ಷದ ನಂತರ. ‘ಹೆನ್ಸ್’ಗೆ ‘ಆದ್ದರಿಂದ’ ಎಂಬ ಅರ್ಥ ಹಚ್ಚಬೇಡಿ. 5 ಕೂಡುವಾಗ ಇಬ್ಬರ ವಯಸ್ಸಿಗೂ ಕೂಡಿ, ಮೊತ್ತಕ್ಕೆ 10 ಸೇರುತ್ತೆ.